ಹಳೆಯ ಯಮಾತೊ, ಹೊಸ ಯಮಾತೊ: ಗೆದ್ದವನು ಯಾಕೆ ಅತ್ತ?

(ಪುಣೆಯಲ್ಲಿ ನಡೆದ ನಮ್ಮ ಮಹಿಳಾ ವೇದಿಕೆಯ ತಿಂಗಳ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ಹೋದ ತಿಂಗಳು ಅಧ್ಯಕ್ಷರು ಫೋನ್ ಮಾಡಿ, "ಮಂಡಿನೋವು ಆಯ್ತು, ಮ್ಯೂಚುವಲ್ ಫಂಡ್ ಆಯ್ತು, ಮಿಲೆಟ್ ಅಡುಗೆ ಎರಡು ಸಲ ಆಯ್ತು. ನೀವು ಜಪಾನೀಸ್ ಕಲಿತವರು, ಜಪಾನಿನ ಬಗ್ಗೆ ಏನಾದರೂ ಹೇಳ್ರಿ" ಅಂದರು. ಅವರ ಮನಸ್ಸಿನಲ್ಲಿ ಹೂ ಜೋಡಿಸುವ ಕಲೆಯೋ, ಸಿಂಹಗಡ ರಸ್ತೆಯ ನಮ್ಮ ಪು.ಲ. ದೇಶಪಾಂಡೆ ಉದ್ಯಾನವೋ ಇದ್ದಿರಬೇಕು. ನಾನು "ಒಂದು ಕಾರ್ಟೂನ್ ಬಗ್ಗೆ ಮಾತಾಡ್ತೀನಿ" ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಉತ್ತರವೇ ಇಲ್ಲ. ಆಮೇಲೆ "ಮಕ್ಕಳಿಗಾ?" ಅಂದರು. ಅಲ್ಲ, ನಮಗೇ.

ಕಾರ್ಟೂನ್ ಅಂದರೆ ಜಪಾನಿನವರಿಗೆ ಬೇಸರವಾಗುತ್ತದೆ. ಅವರು ಅನಿಮೆ ಅನ್ನುತ್ತಾರೆ. ನಾನು ಹೇಳಹೊರಟಿರುವ ಅನಿಮೆಯ ಹೆಸರು 'ಉಚೂ ಸೆನ್ಕಾನ್ ಯಮಾತೊ'. ಉಚೂ ಅಂದರೆ ಬ್ರಹ್ಮಾಂಡ, ಅಂತರಿಕ್ಷ. ಸೆನ್ಕಾನ್ ಅಂದರೆ ಯುದ್ಧನೌಕೆ. ಯಮಾತೊ ಜಪಾನಿನ ಪುರಾತನ ಹೆಸರು. ಎರಡನೇ ಮಹಾಯುದ್ಧದಲ್ಲಿ ಅವರ ಅತಿ ದೊಡ್ಡ ಹಡಗಿಗೆ ಇದೇ ಹೆಸರಿಟ್ಟಿದ್ದರು. 1945ರ ಏಪ್ರಿಲ್ 7ರಂದು ಓಕಿನಾವಾ ಕಡೆಗೆ, ವಾಪಸು ಬರುವ ಆಸೆಯೇ ಇಲ್ಲದೆ ಹೊರಟ ಆ ಹಡಗನ್ನು ಅಮೆರಿಕದ ವಿಮಾನಗಳು ಮುಳುಗಿಸಿದವು. ಸಾವಿರಾರು ಜನ ಅದರ ಜೊತೆ ಹೋದರು.

ಮೂವತ್ತು ವರ್ಷ ಕಳೆಯುವಷ್ಟರಲ್ಲಿ, 1974ರ ಅಕ್ಟೋಬರಿನಲ್ಲಿ, ಅದೇ ಹಡಗನ್ನು ಟಿವಿಯಲ್ಲಿ ಆಕಾಶಕ್ಕೆ ಹಾರಿಸಿದರು. ನಿರ್ಮಾಪಕ ಯೋಶಿನೋಬು ನಿಶಿಝಾಕಿ. ಚಿತ್ರಗಳ ರೂಪ, ನಿರ್ದೇಶನ ಲೇಜಿ ಮತ್ಸುಮೊತೊ ಅವರದ್ದು. ಕಥೆ ಚಿಕ್ಕದಾಗಿ ಹೇಳುತ್ತೇನೆ. ಇಸವಿ 2199. ಗಾಮಿಲಸ್ ಎಂಬ ದೂರದ ಗ್ರಹದವರು ಭೂಮಿಯ ಮೇಲೆ ಕ್ಷುದ್ರಗ್ರಹಗಳಂಥ ಬಾಂಬು ಎಸೆದಿದ್ದಾರೆ. ಸಮುದ್ರ ಒಣಗಿದೆ, ನೆಲ ಕೆಂಪಾಗಿದೆ, ಮೇಲೆಲ್ಲ ವಿಕಿರಣ. ಉಳಿದ ಜನ ನೆಲದಡಿಯ ಊರುಗಳಲ್ಲಿದ್ದಾರೆ. ಇನ್ನೊಂದೇ ವರ್ಷ, ಮನುಷ್ಯಕುಲ ಮುಗಿಯಿತು. ಅಷ್ಟರಲ್ಲಿ 1,48,000 ಜ್ಯೋತಿರ್ವರ್ಷ ದೂರದ ಇಸ್ಕಂದರ್ ಗ್ರಹದ ರಾಣಿ ಸ್ಟಾರ್ಶಾಳಿಂದ ಒಂದು ಸಂದೇಶ ಬರುತ್ತದೆ: ವಿಕಿರಣ ತೊಳೆಯುವ ಯಂತ್ರ ನನ್ನ ಬಳಿ ಇದೆ, ಬಂದು ಒಯ್ಯಿರಿ. ಎಂಜಿನ್ ಮಾಡುವ ವಿಧಾನವನ್ನೂ ಆಕೆಯೇ ಕಳಿಸುತ್ತಾಳೆ. ಒಣಗಿದ ಸಮುದ್ರದ ತಳದಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಯಮಾತೊ ಹಡಗಿನೊಳಗೆ ಹೊಸ ಹಡಗು ಕಟ್ಟಿ 114 ಜನ ಹೊರಡುತ್ತಾರೆ. ಹೋಗಿ ಬರಲು ಒಂದು ವರ್ಷ. ಪ್ರತಿ ಕಂತಿನ ಕೊನೆಗೆ ಪರದೆಯ ಮೇಲೆ ಇನ್ನೆಷ್ಟು ದಿನ ಉಳಿದಿದೆ ಎಂಬ ಲೆಕ್ಕ ಬರುತ್ತದೆ. ದಿನಸಿ ಚೀಟಿ ಹಿಡಿದು ತಿಂಗಳ ಕೊನೆ ತಲುಪುವ ನಮ್ಮಂಥವರಿಗೆ ಆ ಆತಂಕ ಬೇಗ ಅರ್ಥವಾಗುತ್ತದೆ.

ಇದು ಮೊದಲ ಸಲ ಬಂದಾಗ ಸೋತಿತು. ಯಾರ ಕೈಲಿ ಗೊತ್ತೇ? ಭಾನುವಾರ ಸಂಜೆ ಏಳೂವರೆಗೆ, ಅದೇ ಹೊತ್ತಿಗೆ, ಇನ್ನೊಂದು ಚಾನೆಲ್ಲಿನಲ್ಲಿ 'ಹೈದಿ' ಬರುತ್ತಿತ್ತು. ಆಲ್ಪ್ಸ್ ಬೆಟ್ಟದ ಹುಡುಗಿ, ಅಜ್ಜ, ಆಡುಗಳು. ಇಸಾವೊ ತಕಾಹಾತಾ ನಿರ್ದೇಶನ. ಜಪಾನಿನ ಮನೆಗಳೆಲ್ಲ ಹೈದಿ ನೋಡಿದವು. 39 ಕಂತು ಎಂದುಕೊಂಡಿದ್ದ ಯಮಾತೊ 26ಕ್ಕೇ ಮುಗಿಯಿತು. ಆಡು ಮೇಯಿಸುವ ಹುಡುಗಿಯ ಮುಂದೆ ಯುದ್ಧನೌಕೆ ನಿಲ್ಲಲಿಲ್ಲ. ಆಮೇಲೆ ಮರುಪ್ರಸಾರದಲ್ಲಿ ಜನ ಹಿಡಿದುಕೊಂಡರು. 1977ರಲ್ಲಿ ಕಂತುಗಳನ್ನು ಕತ್ತರಿಸಿ ಸಿನಿಮಾ ಮಾಡಿದಾಗ ಹುಡುಗರು ರಾತ್ರಿಯಿಡೀ ಥಿಯೇಟರಿನ ಹೊರಗೆ ಸಾಲು ನಿಂತರು. ಜಪಾನಿನಲ್ಲಿ ದೊಡ್ಡವರೂ ಅನಿಮೆ ನೋಡುವ ಕಾಲ ಶುರುವಾದದ್ದು ಅಲ್ಲಿಂದ ಅನ್ನುವವರಿದ್ದಾರೆ.

ಹೀಗೆ ಟಿವಿ ಮುಂದೆ ಬೆಳೆದ ಹುಡುಗರಲ್ಲಿ ಒಬ್ಬ ಯುತಾಕಾ ಇಜುಬುಚಿ. ದೊಡ್ಡವನಾದ ಮೇಲೆ ಅವನೇ ಇಡೀ ಕಥೆಯನ್ನು ಮತ್ತೆ ಮಾಡಿದ. ಹೆಸರು 'ಯಮಾತೊ 2199'. ಮೊದಲ ಭಾಗ ಥಿಯೇಟರಿಗೆ ಬಂದದ್ದು 2012ರ ಏಪ್ರಿಲ್ 7ರಂದು, ಹಡಗು ಮುಳುಗಿದ ತಾರೀಖಿನಂದೇ. 2013ರಲ್ಲಿ ಟಿವಿಗೆ ಬಂತು. ಇದೂ 26 ಕಂತು. ಹಳೆಯದಕ್ಕೆ ಸಂಗೀತ ಕೊಟ್ಟವರು ಹಿರೋಶಿ ಮಿಯಗಾವಾ. ಅವರು ಅಷ್ಟರಲ್ಲಿ ತೀರಿಕೊಂಡಿದ್ದರು. ಹೊಸದಕ್ಕೆ ಅವರ ಮಗ ಅಕಿರಾ ಮಿಯಗಾವಾ ಅಪ್ಪನ ರಾಗಗಳನ್ನೇ ಹೊಸದಾಗಿ ಜೋಡಿಸಿ ನುಡಿಸಿದರು. ಎರಡನ್ನೂ ಒಂದಾದ ಮೇಲೊಂದು ಕೇಳಿದರೆ ಒಂದೇ ಮನೆಯ ಸಾರು ಅಂತ ತಿಳಿಯುತ್ತದೆ. ಅತ್ತೆ ಮಾಡಿದ್ದು ಯಾವುದು, ಸೊಸೆ ಮಾಡಿದ್ದು ಯಾವುದು ಅನ್ನುವುದೂ ತಿಳಿಯುತ್ತದೆ.

ಈಗ ನನ್ನ ವಿಷಯಕ್ಕೆ ಬರುತ್ತೇನೆ.

ಮದುವೆಯಾಗಿ ಧಾರವಾಡದಿಂದ ಪುಣೆಗೆ ಬಂದ ಹೊಸತರಲ್ಲಿ ನಾನು ಸಂಜೆಯ ಜಪಾನೀಸ್ ಕ್ಲಾಸಿಗೆ ಸೇರಿದೆ. ಈ ಊರಿನಲ್ಲಿ ಜಪಾನೀಸ್ ಕಲಿಯುವವರು ಗಲ್ಲಿಗೊಬ್ಬರು ಸಿಗುತ್ತಾರೆ, ನಿಮಗೇ ಗೊತ್ತು. ಕಿವಿ ಪಳಗಲಿ ಅಂತ ನಮ್ಮ ಮೇಷ್ಟ್ರು ಹಳೆಯ ಯಮಾತೊ ಕಂತುಗಳ ಕ್ಯಾಸೆಟ್ ಹಾಕುತ್ತಿದ್ದರು. ಹಡಗಿನಲ್ಲಿ ಹೆಸರು ಹಿಡಿದು ಕರೆಯುವಂಥ ಹೆಂಗಸು ಒಬ್ಬಳೇ: ಯುಕಿ ಮೋರಿ. ಹಿನ್ನೆಲೆಯಲ್ಲಿ ಅಲ್ಲೊಂದು ಇಲ್ಲೊಂದು ಹೆಣ್ಣುಮುಖ ಸುಳಿದರೂ ಕಥೆಯಲ್ಲಿ ಇರುವವಳು ಯುಕಿ. ಅವಳ ಕೆಲಸಗಳನ್ನು ಕೇಳಿ. ರಾಡಾರ್ ನೋಡಬೇಕು. ಸಿಬ್ಬಂದಿಯ ದಿನಬಳಕೆಯ ವ್ಯವಸ್ಥೆಗೆಲ್ಲ ಮುಖ್ಯಸ್ಥೆ. ಗಾಯಾಳುಗಳು ಬಂದರೆ ನರ್ಸ್. ಮೂರು ಕೆಲಸ, ಒಂದು ಜೀವ. ಅವಳ ಜೊತೆ ಅನಲೈಜರ್ ಎಂಬ ಕೆಂಪು ರೋಬೋ ಇರುತ್ತದೆ. ಒಳ್ಳೆಯ ಯಂತ್ರ, ಬುದ್ಧಿವಂತ, ಆದರೆ ಅದಕ್ಕೊಂದು ಚಾಳಿ: ಯುಕಿಯ ಸ್ಕರ್ಟ್ ಎತ್ತುವುದು. ಯುಕಿ ಕಿರುಚುತ್ತಾಳೆ, ಸುತ್ತ ಇದ್ದವರು ನಗುತ್ತಾರೆ, ಕಥೆ ಮುಂದೆ ಹೋಗುತ್ತದೆ.

ಕ್ಲಾಸಿನಲ್ಲಿ ನಾವೆಲ್ಲ ನಕ್ಕೆವು. ನಾನೂ ನಕ್ಕೆ. ಜಪಾನೀಸ್ ಅರ್ಥವಾಯಿತಲ್ಲ ಎಂಬ ಖುಷಿಗೆ ಸ್ವಲ್ಪ ಜೋರಾಗಿಯೇ ನಕ್ಕಿರಬೇಕು.

ಅದಾಗಿ ಒಂದೆರಡು ವರ್ಷಕ್ಕೆ ನನಗೆ ಒಂದು ಕಂಪನಿಯಲ್ಲಿ ಅನುವಾದಕಿಯ ಕೆಲಸ ಸಿಕ್ಕಿತು. ಹದಿನೆಂಟು ಜನರ ತಂಡದಲ್ಲಿ ನಾನೊಬ್ಬಳೇ ಹೆಂಗಸು. ಜಪಾನಿನಿಂದ ಅತಿಥಿಗಳು ಬಂದಾಗ ಎಂಜಿನಿಯರುಗಳ ಮಾತನ್ನು ಆ ಕಡೆ ಈ ಕಡೆ ದಾಟಿಸುವುದು ನನ್ನ ಕೆಲಸ. ಮಧ್ಯದಲ್ಲಿ "ಮೇಡಂ, ಚಹಾ ಹೇಳ್ತೀರಾ?" ಅನ್ನುವುದೂ ನನಗೇ. ಬೇರಿಂಗಿನ ಅಳತೆಯನ್ನು ಅನುವಾದಿಸುತ್ತಾ ಕಪ್ಪುಗಳನ್ನು ಎಣಿಸುವುದನ್ನು ನಾನು ಅಲ್ಲಿ ಕಲಿತೆ. ಅದನ್ನು ಬಿಡಿ, ಅದಕ್ಕೆ ನಾನು ಅಷ್ಟೇನೂ ನೊಂದುಕೊಂಡವಳಲ್ಲ. ತಂಡದಲ್ಲಿ ಒಬ್ಬರಿದ್ದರು, ನನಗಿಂತ ಹಿರಿಯರು, ಎಲ್ಲರಿಗೂ ಬೇಕಾದವರು. ನನ್ನ ಟೇಬಲ್ ಪಕ್ಕ ಹಾದು ಹೋಗುವಾಗೆಲ್ಲ ನನ್ನ ದುಪಟ್ಟಾದ ತುದಿ ಹಿಡಿದು ಒಮ್ಮೆ ಎಳೆದು ಹೋಗುತ್ತಿದ್ದರು. ಸುತ್ತ ಇದ್ದವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಎರಡು ವರ್ಷ ನಕ್ಕೆ. ಆಮೇಲೆ ದುಪಟ್ಟಾಕ್ಕೆ ಎರಡೂ ಹೆಗಲಲ್ಲಿ ಪಿನ್ನು ಹಾಕಲು ಶುರು ಮಾಡಿದೆ. ಆಮೇಲೆ ಕೆಲಸ ಬಿಟ್ಟೆ. ಮನೆಯಲ್ಲಿ ಕೇಳಿದವರಿಗೆ ಮಗು ಚಿಕ್ಕದು ಅಂದೆ. ಅದೂ ಸುಳ್ಳಲ್ಲ.

2020ರ ಲಾಕ್‌ಡೌನಿನಲ್ಲಿ ಮನೆಯಲ್ಲಿ ನಾವು ಮೂವರು ಹೆಂಗಸರು: ಗದಗ ಕಡೆಯ ನಮ್ಮ ಅತ್ತೆಯವರು, ನಾನು, ಹನ್ನೆರಡನೇ ಕ್ಲಾಸಿನ ಮಗಳು. ನಮ್ಮ ಯಜಮಾನರು ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಆಫೀಸು ಮಾಡುತ್ತಿದ್ದರು. ಮಗಳಿಗೆ ಅನಿಮೆ ಹುಚ್ಚು. "ನಾನೂ ಒಂದು ಕಾಲದಲ್ಲಿ ನೋಡಿದ್ದೆ ಕಣೇ" ಅಂತ ಹಳೆಯ ಯಮಾತೊ ಹಾಕಿದೆ. ಸ್ಕರ್ಟಿನ ದೃಶ್ಯ ಬಂತು. ನಾನು ಅಭ್ಯಾಸಬಲದಿಂದ ನಕ್ಕೆ. ಮಗಳು ನಗಲಿಲ್ಲ. ರಿಮೋಟ್ ತಗೊಂಡು ನಿಲ್ಲಿಸಿದಳು. "ಅಮ್ಮಾ, ಇದರಲ್ಲಿ ನಗೋದೇನಿದೆ?"

ನನಗೆ ಉತ್ತರ ಬರಲಿಲ್ಲ. ಆ ಕಾಲವೇ ಹಾಗಿತ್ತು ಅಂತ ಏನೋ ಅಂದೆ. ದುಪಟ್ಟಾದ ವಿಷಯ ಅವತ್ತು ಹೇಳಲಿಲ್ಲ. ಹೇಳಿದ್ದು ಅದರ ಮರುವಾರ, ಹೊಸ ಯಮಾತೊ ನೋಡುವಾಗ.

ಹೊಸದರಲ್ಲಿ ಹಡಗಿನ ಸಿಬ್ಬಂದಿ 999. ಎಲ್ಲ ಕಡೆ ಹೆಂಗಸರಿದ್ದಾರೆ: ಸಂಪರ್ಕದಲ್ಲಿ, ಗುಪ್ತಚರದಲ್ಲಿ, ಆಸ್ಪತ್ರೆಯಲ್ಲಿ, ವಿಮಾನದಲ್ಲಿ. ಹಳೆಯದರಲ್ಲಿ ಯಮಾಮೊತೊ ಅನ್ನುವ ಪೈಲಟ್ ಗಂಡಸು. ಹೊಸದರಲ್ಲಿ ಅದೇ ಯಮಾಮೊತೊ ಹೆಣ್ಣಾಗಿದ್ದಾಳೆ. ಮಂಗಳ ಗ್ರಹದಲ್ಲಿ ಹುಟ್ಟಿದವಳು, ಪೈಲಟ್ ಆಗಿದ್ದ ಅಣ್ಣ ಯುದ್ಧದಲ್ಲಿ ಸತ್ತಿದ್ದಾನೆ. ಅವಳನ್ನು ಮೊದಲು ಎಲ್ಲಿ ಹಾಕುತ್ತಾರೆ ಹೇಳಿ? ಲೆಕ್ಕಪತ್ರ, ಸಾಮಾನು ಸರಬರಾಜಿನ ವಿಭಾಗಕ್ಕೆ. ವಿಮಾನದಳದ ಮುಖ್ಯಸ್ಥ ಅವಳನ್ನು ಸೇರಿಸಿಕೊಳ್ಳಲು ಒಪ್ಪುವುದಿಲ್ಲ. ಸಮಯ ಬಂದಾಗ ಅವಳು ಯಾರನ್ನೂ ಕೇಳದೆ ವಿಮಾನ ಹತ್ತಿ ಹೊರಡುತ್ತಾಳೆ. ಆ ಕಂತು ಮುಗಿದ ಮೇಲೆ ನಾನು ಮಗಳಿಗೆ ಎಲ್ಲ ಹೇಳಿದೆ. ಅತ್ತೆಯವರೂ ಅಲ್ಲೇ ಇದ್ದರು, ಬಟಾಣಿ ಸುಲಿಯುತ್ತಿದ್ದರು. ಅವರು ತಲೆ ಎತ್ತದೆ, "ನನಗ ಅವಾಗ ಹೇಳಬೇಕಾಗಿತ್ತು ನೀ" ಅಂದರು. ಅಷ್ಟೇ ಅಂದದ್ದು.

ಹಾಗಂತ ಹೊಸದು ಎಲ್ಲ ಸರಿಯಾಗಿದೆ ಅನ್ನಲಾರೆ. ಸ್ಕರ್ಟ್ ಎತ್ತುವ ಯಂತ್ರ ಹೋಯಿತು, ಆದರೆ ಹೆಂಗಸರ ಸಮವಸ್ತ್ರ ಮೈಗೆ ಅಂಟಿಕೊಂಡಂತೆ ಹಾಗೇ ಇದೆ, ಮತ್ತೆ ಕ್ಯಾಮೆರಾ ಎಲ್ಲಿ ನಿಲ್ಲಬಾರದೋ ಅಲ್ಲೇ ನಿಲ್ಲುತ್ತದೆ. ಯಂತ್ರ ಮಾಡುತ್ತಿದ್ದ ಕೆಲಸವನ್ನು ನೋಡುವವರ ಕಣ್ಣಿಗೆ ವಹಿಸಿದ್ದಾರೆ. ನನ್ನ ಮಗಳು ಇದನ್ನು ಮೊದಲ ಅರ್ಧ ಗಂಟೆಯಲ್ಲೇ ಕಂಡುಹಿಡಿದಳು.

ಹೊಸದರಲ್ಲಿ ಕಳೆದುಹೋದ ಒಂದು ಸಣ್ಣ ದೃಶ್ಯ ನನಗೆ ಬಹಳ ಇಷ್ಟ. ಹಳೆಯ ಯಮಾತೊ ಸೌರಮಂಡಲ ದಾಟುವ ಮುಂಚೆ, ಇನ್ನು ಮುಂದೆ ಭೂಮಿಯ ಸಂಪರ್ಕ ಸಿಗುವುದಿಲ್ಲ ಅಂತ, ಪ್ರತಿಯೊಬ್ಬರಿಗೂ ಕೆಲವೇ ನಿಮಿಷ ಮನೆಯವರ ಜೊತೆ ಮಾತಾಡಲು ಬಿಡುತ್ತಾರೆ. ಯುಕಿಯ ಅಪ್ಪ ಅಮ್ಮ ಪರದೆಯ ಮೇಲೆ ಬರುತ್ತಾರೆ. ಮಗಳು ಮನುಷ್ಯಕುಲವನ್ನು ಉಳಿಸಲು ನಕ್ಷತ್ರಗಳಾಚೆ ಹೊರಟಿದ್ದಾಳೆ. ಅಮ್ಮ ಏನು ಮಾಡುತ್ತಾಳೆ? ಗಂಡುಗಳ ಫೋಟೋ ತೋರಿಸುತ್ತಾಳೆ! ಬೇಗ ಬಾ, ಈ ಹುಡುಗ ನೋಡು, ಒಳ್ಳೆಯ ಸಂಬಂಧ. ನಮ್ಮ ಅತ್ತೆಯವರು ಭಾಷೆ ಬಾರದೆಯೂ ಈ ದೃಶ್ಯ ಪೂರ್ತಿ ಅರ್ಥ ಮಾಡಿಕೊಂಡರು. ಹೊಸ ಕಥೆಯಲ್ಲಿ ಯುಕಿಗೆ ಅಪ್ಪ ಅಮ್ಮನೇ ಇಲ್ಲ. ಅಪಘಾತದಲ್ಲಿ ಹಳೆಯ ನೆನಪೂ ಹೋಗಿದೆ, ಸಾಕಿದವರು ಬೇರೆ. ಕಥೆಯ ತಿರುವಿಗೆ ಅದು ಬೇಕಿತ್ತು ನಿಜ. ಇಸ್ಕಂದರಿನ ರಾಜಕುಮಾರಿ ಯುರಿಶಾಳ ತದ್ರೂಪು ಯುಕಿ, ಹಾಗಾಗಿ ಶತ್ರುಗಳು ಇವಳೇ ಅವಳು ಅಂತ ಅಪಹರಿಸುತ್ತಾರೆ. ಅಷ್ಟೆಲ್ಲ ಆದರೂ, ಫೋಟೋ ಹಿಡಿದ ಆ ಅಮ್ಮ ನನಗೆ ಬೇಕಾಗಿತ್ತು. ತೀರಾ ಸಿಟ್ಟು ಬರಿಸುವ ಅಮ್ಮ, ಮಗಳು ವಾಪಸು ಬಂದೇ ಬರುತ್ತಾಳೆ ಎಂದು ಇಡೀ ಭೂಮಿಯಲ್ಲಿ ನಂಬಿದವಳೂ ಅವಳೊಬ್ಬಳೇ.

ಹೊಸದು ಶತ್ರುಗಳ ಮನೆಯೊಳಗೂ ಹೋಗುತ್ತದೆ, ಇದು ಅದರ ದೊಡ್ಡ ಬಲ. ಹಳೆಯದರಲ್ಲಿ ಗಾಮಿಲಸ್ ಜನ ಮೊದಲ ಕಂತುಗಳಲ್ಲಿ ನಮ್ಮ ಮೈಬಣ್ಣದವರು, ನಡುವೆ ಇದ್ದಕ್ಕಿದ್ದಂತೆ ನೀಲಿಯಾಗುತ್ತಾರೆ. ಚಿತ್ರ ಬರೆಯುವವರು ಮನಸ್ಸು ಬದಲಿಸಿದ್ದರು, ಅಷ್ಟೆ. ಇಜುಬುಚಿ ಈ ವ್ಯತ್ಯಾಸವನ್ನೇ ಹಿಡಿದು ಒಂದು ಕಥೆ ಹೆಣೆದ: ನೀಲಿಯವರು ಆಳುವವರು, ನಮ್ಮ ಬಣ್ಣದವರು ಅವರಿಗೆ ಸೋತ ಇನ್ನೊಂದು ಗ್ರಹದವರು, ಎರಡನೇ ದರ್ಜೆಯ ಪ್ರಜೆಗಳು. ಅವರಲ್ಲೊಬ್ಬ ಸೇನಾಧಿಕಾರಿ ಶುಲ್ಜ್ ಯಮಾತೊ ಜೊತೆ ಹೋರಾಡಿ ಸಾಯುತ್ತಾನೆ. ಅವನ ಎಳೆಯ ಮಗಳು ಹಿಲ್ದೆ ಮುಂದೆ ಬಂಧಿಯಾಗಿ ಬಂದ ಯುಕಿಯ ಸೇವೆಗೆ ನೇಮಕವಾಗುತ್ತಾಳೆ. ಅಪ್ಪನನ್ನು ಕೊಂದ ಹಡಗಿನವಳಿಗೆ ಈ ಹುಡುಗಿ ಊಟ ತಂದಿಡುತ್ತಾಳೆ. ಮಹಾ ಸೇನಾಪತಿ ದೊಮೆಲ್ ಹಳೆಯದರಲ್ಲಿ ಬರೀ ವೀರ. ಹೊಸದರಲ್ಲಿ ಅವನಿಗೆ ಹೆಂಡತಿ ಎಲಿಸಾ ಇದ್ದಾಳೆ, ಮಗನನ್ನು ಕಳಕೊಂಡವಳು. ಸರ್ವಾಧಿಕಾರಿ ದೆಸ್ಲರನನ್ನು ವಿರೋಧಿಸಿ ಜೈಲು ಸೇರುತ್ತಾಳೆ. ಮೆಲ್ದಾ ಎಂಬ ನೀಲಿ ಪೈಲಟ್ ಹುಡುಗಿ ಸೆರೆಯಾಗಿ ಯಮಾತೊಗೆ ಬರುತ್ತಾಳೆ. ಮೊದಲು ಯಮಾಮೊತೊ ಅವಳ ಜೊತೆ ಜಗಳಕ್ಕೆ ಬೀಳುತ್ತಾಳೆ, ಎಷ್ಟೋ ಕಂತುಗಳ ನಂತರ ಅವರೇ ಒಂದೇ ಮೇಜಿನಲ್ಲಿ ಕೂತು ಸಿಹಿ ತಿನ್ನುತ್ತಾರೆ. ಆ ಮೆಲ್ದಾಳ ಬಾಯಿಂದಲೇ ಒಂದು ಗುಟ್ಟು ಹೊರಬೀಳುತ್ತದೆ: ಮೊದಲು ಗುಂಡು ಹಾರಿಸಿದ್ದು ಗಾಮಿಲಸ್ ಅಲ್ಲ, ಭೂಮಿ. ಜನರಿಗೆ ತಿರುಚಿ ಹೇಳಿದ್ದರು. ಆ ಆಜ್ಞೆಯನ್ನು ಒಪ್ಪದ ಕ್ಯಾಪ್ಟನ್ ಓಕಿತಾನನ್ನು ಆಗ ಅಧಿಕಾರದಿಂದ ಇಳಿಸಿದ್ದರು. ಹಳೆಯ ಕಥೆಯಲ್ಲಿ ಇಂಥದ್ದು ಏನೂ ಇರಲಿಲ್ಲ. ಅಲ್ಲಿ ನಾವು ನೊಂದವರು, ಅವರು ಕೊಂದವರು.

ಇಷ್ಟು ಕೇಳಿದರೆ ಹೊಸದೇ ಮೇಲು ಅನಿಸುತ್ತದೆ. ನನಗೂ ಹಾಗೇ ಅನಿಸಿತ್ತು, ಗಾಮಿಲಸ್ ತಲುಪುವ ತನಕ.

ಹಳೆಯದರ 24ನೇ ಕಂತು. ಇಸ್ಕಂದರ್ ಮತ್ತು ಗಾಮಿಲಸ್ ಅಕ್ಕಪಕ್ಕದ ಜೋಡಿ ಗ್ರಹಗಳು ಅಂತ ಅಷ್ಟು ದೂರ ಬಂದ ಮೇಲೆ ಗೊತ್ತಾಗುತ್ತದೆ. ದೆಸ್ಲರ್ ಯಮಾತೊವನ್ನು ತನ್ನ ಗ್ರಹದ ಆಮ್ಲದ ಸಮುದ್ರಕ್ಕೆ ಎಳೆದು ತರುತ್ತಾನೆ. ಹಡಗು ಕರಗುತ್ತಿದೆ. ಕಾಯಿಲೆಯಿಂದ ಮಲಗಿರುವ ಓಕಿತಾ ಒಂದು ಉಪಾಯ ಹೇಳುತ್ತಾನೆ: ಆ ಸಮುದ್ರದೊಳಗೇ ಮುಳುಗಿ, ಜ್ವಾಲಾಮುಖಿಯ ಬೇರಿಗೆ ಮಹಾಫಿರಂಗಿ ಹೊಡೆಯಿರಿ. ಹೊಡೆಯುತ್ತಾರೆ. ಗ್ರಹದ ತುಂಬ ಬೆಂಕಿ ಏಳುತ್ತದೆ. ನಗರ ಹೋಗುತ್ತದೆ, ಜನ ಹೋಗುತ್ತಾರೆ. ಹಡಗು ಗೆಲ್ಲುತ್ತದೆ.

ಆಮೇಲೆ ನಾಯಕ ಕೊದಾಯ್ ಮತ್ತು ಯುಕಿ ಹೊರಗೆ ಬಂದು ಸುಟ್ಟ ನಗರವನ್ನು ನೋಡುತ್ತಾರೆ. ಕೊದಾಯ್‌ನ ಅಪ್ಪ ಅಮ್ಮ ಇದೇ ಗಾಮಿಲಸ್ ಬಾಂಬಿಗೆ ಸತ್ತವರು. ಇಪ್ಪತ್ತಮೂರು ಕಂತು ಸೇಡು ಸೇಡು ಅಂದ ಹುಡುಗ. ಅವನು ಅಲ್ಲಿ ಕುಸಿಯುತ್ತಾನೆ. ಚಿಕ್ಕಂದಿನಿಂದ ನಮಗೆ ಗೆಲ್ಲುವುದನ್ನೇ ಕಲಿಸಿದರು, ಸೋತವರ ಗತಿ ಏನು ಅಂತ ಯಾರೂ ಕಲಿಸಲಿಲ್ಲ ಅನ್ನುವ ಅರ್ಥದಲ್ಲಿ ಮಾತಾಡುತ್ತಾನೆ. ನಾವು ಮಾಡಬೇಕಾಗಿದ್ದದ್ದು ಯುದ್ಧ ಅಲ್ಲ, ಒಬ್ಬರನ್ನೊಬ್ಬರು ಪ್ರೀತಿಸಬೇಕಾಗಿತ್ತು ಅನ್ನುತ್ತಾನೆ. ಬಂದೂಕು ಎಸೆಯುತ್ತಾನೆ. ಅಳುತ್ತಾನೆ.

ಅತ್ತೆಯವರು ಅಷ್ಟು ಹೊತ್ತು ಸುಮ್ಮನೆ ನೋಡುತ್ತಿದ್ದವರು ನನ್ನ ಕಡೆ ತಿರುಗಿ, "ಗೆದ್ದಾನಲ್ಲ ಅಂವಾ, ಮತ್ಯಾಕ ಅಳಾಕತ್ತಾನ?" ಅಂದರು. ನಾನು ಅವನ ಮಾತುಗಳನ್ನು ಕನ್ನಡದಲ್ಲಿ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಹೌದಲ್ಲ, ಅವರ ಮನ್ಯಾಗೂ ಹುಡುಗ್ರು ಇರ್ತಾವು" ಅಂದರು.

ಯುದ್ಧದಲ್ಲಿ ಸೋತು, ಎರಡು ಅಣುಬಾಂಬು ತಿಂದ ದೇಶ, ಮುಳುಗಿದ ತನ್ನದೇ ಹಡಗನ್ನು ಎತ್ತಿ ನಿಲ್ಲಿಸಿ, ಕಥೆಯಲ್ಲಾದರೂ ಒಮ್ಮೆ ಗೆಲ್ಲೋಣ ಅಂತ ಇಷ್ಟು ದೂರ ಕಳಿಸಿ, ಗೆದ್ದ ಗಳಿಗೆಯಲ್ಲಿ ಅಳಲು ಕೂರಿಸಿತು. ಮಕ್ಕಳ ಕಾರ್ಯಕ್ರಮದಲ್ಲಿ, ಭಾನುವಾರ ಊಟದ ಹೊತ್ತಿನಲ್ಲಿ. ಇದನ್ನು ಬರೆಯಲು ಎದೆ ಬೇಕು.

ಹೊಸದರಲ್ಲಿ ಏನಾಗುತ್ತದೆ? ದೆಸ್ಲರನೇ ತನ್ನ ರಾಜಧಾನಿಯನ್ನು ನಾಶ ಮಾಡಲು ಹೊರಡುತ್ತಾನೆ. ಆಕಾಶದಲ್ಲಿ ಕಟ್ಟಿಸಿದ್ದ ಬೃಹತ್ ನಗರದ ಒಂದು ತುಂಡನ್ನೇ ಕಳಚಿ ತನ್ನ ಜನರ ತಲೆಯ ಮೇಲೆ ಬೀಳಿಸುತ್ತಾನೆ. ಯಮಾತೊ ತನ್ನ ಮಹಾಫಿರಂಗಿಯಿಂದ ಬೀಳುತ್ತಿರುವ ಆ ತುಂಡನ್ನು ಚೂರು ಮಾಡಿ ಶತ್ರುಗಳ ಊರನ್ನು ಉಳಿಸುತ್ತದೆ. ಇನ್ನೂ ಒಂದು ವಿಶೇಷ, ನಮ್ಮ ಯುಕಿ ಆಗ ಆ ಆಕಾಶನಗರದಲ್ಲೇ ಬಂಧಿ. ದೆಸ್ಲರ್ ಕೆಳಗಿನ ಊರಿಗೆ ಫಿರಂಗಿ ಗುರಿಯಿಟ್ಟಾಗ ಅದು ಹಾರದಂತೆ, ತನ್ನ ಜೀವದ ಹಂಗಿಲ್ಲದೆ, ಒಳಗಿನಿಂದ ಸ್ಫೋಟಿಸುವವಳು ಅವಳೇ. ಕಾವಲಿಗಿದ್ದ ಎರಡನೇ ದರ್ಜೆಯ ಒಬ್ಬ ಎಳೆಯ ಸೈನಿಕ ಅವಳಿಗೆ ನೆರವಾಗಿ ಪ್ರಾಣ ಕೊಡುತ್ತಾನೆ. ಹಳೆಯದರಲ್ಲಿ ಅಳುವವನ ಪಕ್ಕದಲ್ಲಿ ನಿಂತವಳು ಹೊಸದರಲ್ಲಿ ಲಕ್ಷಾಂತರ ಜನರ ಪ್ರಾಣ ಉಳಿಸಿದಳು.

ನಾನೂ ಮಗಳೂ ಚಪ್ಪಾಳೆ ತಟ್ಟಿದೆವು. ನಿಜವಾಗಿ ತಟ್ಟಿದೆವು, ಒಳಕೋಣೆಯಿಂದ ಯಜಮಾನರು ಬಾಗಿಲು ತೆಗೆದು "ಮೀಟಿಂಗ್ ನಡೀತಿದೆ" ಅಂದರು. ಅತ್ತೆಯವರು ಮಾತ್ರ ಕಾಯುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಕೇಳಿದರು: "ಇಲ್ಲೆ ಯಾರೂ ಅಳಲಿಲ್ಲಲ?"

ನನಗೆ ಆಗ ಹೊಳೆದದ್ದು. ಹೌದು, ಇಲ್ಲಿ ಯಾರೂ ಅಳಬೇಕಾಗಿಲ್ಲ. ತಪ್ಪೆಲ್ಲ ದೆಸ್ಲರನದು. ನಮ್ಮವರ ಕೈ ಶುದ್ಧ. ಮೊದಲು ಗುಂಡು ಹಾರಿಸಿದ್ದು ಭೂಮಿ ಅನ್ನುವ ಪಾಪ ಇದೆಯಲ್ಲ, ಅದು ಯಾರೋ ಮೇಲಿನವರು, ಎಂದೋ ಮಾಡಿದ್ದು. ನಾವು ಪ್ರೀತಿಸುವ ಹುಡುಗ, ನಾವು ಪ್ರೀತಿಸುವ ಹುಡುಗಿ ಮಾಡಿದ್ದಲ್ಲ. ಹಳೆಯದರಲ್ಲಿ ಮಾಡಿದವನು ನಮ್ಮವನೇ, ಅವನ ಕೈಗೇ ರಕ್ತ. ಹೊಸದರ ಸ್ಟಾರ್ಶಾ ಆ ಫಿರಂಗಿಯ ವಿಷಯಕ್ಕೆ ಕೋಪಿಸಿಕೊಳ್ಳುತ್ತಾಳೆ ನಿಜ. ನಾನು ಕೊಟ್ಟ ಶಕ್ತಿಯನ್ನು ಆಯುಧ ಮಾಡಿಕೊಂಡಿರಲ್ಲ ಅಂತ ಯಂತ್ರ ಕೊಡಲು ಹಿಂದೆಮುಂದೆ ನೋಡುತ್ತಾಳೆ, ಕೊನೆಗೆ ಫಿರಂಗಿಯ ಬಾಯಿ ಮುಚ್ಚಿಸಿಯೇ ಕಳಿಸುತ್ತಾಳೆ. ಬುದ್ಧಿಯ ಮಟ್ಟದಲ್ಲಿ ಅದು ಸರಿಯಾದ ಮಾತು. ಆದರೆ ಅದು ದೊಡ್ಡವರು ಹೇಳಿದ ಬುದ್ಧಿ. ಸುಟ್ಟ ಊರಿನ ಮುಂದೆ ನಿಂತು ತಾನಾಗಿ ಬಂದ ಅಳು ಅಲ್ಲ.

ಹಳೆಯ ಕಥೆಯನ್ನು ತಿದ್ದಿ ಮತ್ತೆ ಹೇಳುವುದು ಕನ್ನಡದವರಾದ ನಮಗೆ ಹೊಸದೇನಲ್ಲ. ಕುವೆಂಪು 'ಶ್ರೀ ರಾಮಾಯಣ ದರ್ಶನಂ'ನಲ್ಲಿ ಸೀತೆಯ ಜೊತೆ ರಾಮನನ್ನೂ ಅಗ್ನಿಗೆ ಇಳಿಸಿದರು. ಹೆಣ್ಣಿಗಾದ ಅನ್ಯಾಯವನ್ನು ಅವರೂ ತಿದ್ದಿದರು. ಆದರೆ ತಿದ್ದಿದ ರೀತಿ ನೋಡಿ: ರಾಮನ ಹೊರೆ ಇಳಿಸಿ ತಿದ್ದಲಿಲ್ಲ, ಹೊರೆ ಏರಿಸಿ ತಿದ್ದಿದರು. ಇಜುಬುಚಿ ಯುಕಿಗೆ ನ್ಯಾಯ ಕೊಟ್ಟ, ಅದೇ ಕೈಯಲ್ಲಿ ಕೊದಾಯ್‌ನ ಹೊರೆ ಇಳಿಸಿಬಿಟ್ಟ. ಎರಡೂ ಒಟ್ಟಿಗೆ ಆಗಬೇಕೆಂದೇನೂ ಇರಲಿಲ್ಲ. ಯುಕಿ ಹಡಗಿನ ಅರ್ಧ ಅಧಿಕಾರ ಹಿಡಿದವಳಾಗಿ, ಆ ಫಿರಂಗಿ ಹೊಡೆದವರಲ್ಲಿ ಒಬ್ಬಳಾಗಿ, ಆಮೇಲೆ ಅತ್ತಿದ್ದರೆ? ಅಂಥ ಯಮಾತೊ ಇನ್ನೂ ಯಾರೂ ಮಾಡಿಲ್ಲ.

ಇದನ್ನು ಮಗಳಿಗೆ ಹೇಳಿದಾಗ ಅವಳು ಒಪ್ಪಲಿಲ್ಲ. "ಹಳೇದರಲ್ಲಿ ಒಂದು ಗ್ರಹವನ್ನೇ ಸುಟ್ಟು ಎರಡು ನಿಮಿಷ ಅತ್ತು ಮುಂದೆ ಹೋದರು. ಅದಕ್ಕಿಂತ ಸುಡದೇ ಇರೋದು ವಾಸಿ ಅಲ್ವಾ ಅಮ್ಮಾ?" ಅಂದಳು. ಅವಳ ಮಾತಿನಲ್ಲೂ ಹುರುಳಿದೆ. ಹಳೆಯದರಲ್ಲಿ ಮುಂದಿನ ಕಂತಿಗೇ ಇಸ್ಕಂದರಿನ ಸುಂದರ ಸಮುದ್ರ ಬರುತ್ತದೆ, ಸತ್ತನೆಂದುಕೊಂಡ ಅಣ್ಣ ಸಿಗುತ್ತಾನೆ, ನಾವೂ ಸುಟ್ಟ ಊರನ್ನು ಮರೆಯುತ್ತೇವೆ. ಕೊನೆಯ ಕಂತಿನಲ್ಲಿ ಯುಕಿ ಎಲ್ಲರನ್ನೂ ಉಳಿಸಲು ಪರೀಕ್ಷೆ ಮಾಡದ ಯಂತ್ರವನ್ನು ಚಾಲೂ ಮಾಡಿ ಉಸಿರು ನಿಂತು ಬೀಳುತ್ತಾಳೆ, ಮತ್ತೆ ಏಳುತ್ತಾಳೆ. ಓಕಿತಾ ಭೂಮಿಯನ್ನು ಕಣ್ತುಂಬ ನೋಡಿ ಕಣ್ಣು ಮುಚ್ಚುತ್ತಾನೆ. ಓಕಿತಾನ ಸಾವು ಎರಡರಲ್ಲೂ ಒಂದೇ ಥರ, ಎರಡರಲ್ಲೂ ನಾನು ಅತ್ತೆ. ಅಲ್ಲಿ ಹಳೆಯದು ಹೊಸದು ಅಂತ ಲೆಕ್ಕ ಬರಲಿಲ್ಲ.

ನಾನೂ ಮಗಳೂ ಈ ವಾದವನ್ನು ಇನ್ನೂ ಮುಗಿಸಿಲ್ಲ. ಅವಳು ಈಗ ಕೆಲಸಕ್ಕೆ ಸೇರಿದ್ದಾಳೆ. ಮೊದಲ ವಾರವೇ ಮೀಟಿಂಗಿನಲ್ಲಿ ಚಹಾ ಹೇಳಲು ಅವಳಿಗೇ ಅಂದರಂತೆ. "ನಾನು ಯಾಕೆ?" ಅಂತ ಕೇಳಿದಳಂತೆ, ನಗುತ್ತಲೂ ಅಲ್ಲ, ಸಿಟ್ಟಿನಿಂದಲೂ ಅಲ್ಲ. ಅವತ್ತಿನಿಂದ ಸರದಿ ಬಂತಂತೆ. ರಾತ್ರಿ ಇದನ್ನು ಹೇಳುವಾಗ ಅತ್ತೆಯವರು ಅವಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು.

ನೋಡಬೇಕು ಅನ್ನುವವರಿಗೆ ಒಂದು ಮಾತು. ಹಳೆಯದನ್ನು ಮೊದಲು ನೋಡಿ. ಚಿತ್ರಗಳು ಒರಟಾಗಿವೆ, ಒಂದೇ ವಿಮಾನ ಮೂರು ಕಂತಿನಲ್ಲಿ ಹಾರುತ್ತದೆ, ಬಣ್ಣ ಬದಲಾಗುತ್ತದೆ, ಪರವಾಗಿಲ್ಲ. 24ನೇ ಕಂತನ್ನು ಮನೆಯ ಹಿರಿಯರ ಜೊತೆ ಕೂತು ನೋಡಿ. ಆಮೇಲೆ ಹೊಸದು. ಸಬ್‌ಟೈಟಲ್ ಇಂಗ್ಲಿಷಿನಲ್ಲಿದೆ, ಅರ್ಥವಾಗದಿದ್ದರೆ ನನಗೆ ಫೋನ್ ಮಾಡಿ, ಕನ್ನಡದಲ್ಲಿ ಹೇಳುತ್ತೇನೆ. ಅತ್ತೆಯವರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ, ಅವರನ್ನು ಕೇಳಿದರೂ ಹೇಳುತ್ತಾರೆ.